ಪ್ರೆಸ್ಸಿನವರ ಮನೆಯಲ್ಲಿ ಅವಳು

ಸರ್ವೇಯರ್: ಕುರ್ಚಿ ಕಣಯ್ಯ ಅದು. ನಿನ್ನ ಕುರ್ಚಿ ಕಿರ್ರ್ ಅಂದಿದ್ದು. ಕಂಪ್ಯೂಟರಿಂದ ಧ್ವನಿ ಬಂತು ಅಂತ ಭಾಷಣದಲ್ಲಿ ಸೇರಿಸಿದ್ರೆ ನಾನು ವೇದಿಕೆ ಮೇಲೇ ಎದ್ದು ನಿಂತು ಸುಳ್ಳು ಅಂತೀನಿ.

ಪ್ರೆಸ್ಸಿನವರು: ಕುರ್ಚಿ ಆಗಿದ್ರೆ ಅವತ್ತು ನನ್ನ ಯಾಕಯ್ಯ ತಬ್ಬಿಕೊಂಡೆ?

ಸರ್ವೇಯರ್: ಅವತ್ತು ಗೊತ್ತಿರ್ಲಿಲ್ಲ. ಮಾರನೇ ದಿನ ಕಂಪ್ಯೂಟರ್ ಆಫ್ ಮಾಡಿದ್ಮೇಲೂ ಅದೇ ಧ್ವನಿ ಬಂತಲ್ಲ, ಆಗ ಗೊತ್ತಾಯ್ತು. ನಿನಗೆ ಬೇಜಾರಾಗುತ್ತೆ ಅಂತ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ.

ಪ್ರೆಸ್ಸಿನವರು: ಈಗ ಬಿಟ್ಟೆಯಲ್ಲ, ಸಮಾಧಾನ ಆಯ್ತಾ?

ಜಗಳದ ಮೂಲ ಇಷ್ಟೇ. ಬರುವ ಭಾನುವಾರ ಊರಿನ ಲೈಬ್ರರಿಯಲ್ಲಿ ಒಂದು ಸಭೆ. ಲೈಬ್ರರಿ ನೋಡಿಕೊಳ್ಳುವ ಹೆಣ್ಣುಮಗಳು ಬಹಳ ಅಕ್ಕರೆಯಿಂದ ಅದಕ್ಕೆ ‘ಲಿನಕ್ಸ್ ಬಳಸಿದ ಹಿರಿಯರ ನೆನಪುಗಳು’ ಎಂದು ಹೆಸರಿಟ್ಟಿದ್ದಳು. ಯಾರೊಬ್ಬರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಒಳಗೆ ಕೈಹಾಕಿ ಬಿಚ್ಚಿ ಜೋಡಿಸಬಹುದಾದ ಆ ವ್ಯವಸ್ಥೆಯನ್ನು ತಮ್ಮ ಕಂಪ್ಯೂಟರುಗಳಿಗೆ ಹಾಕಿಕೊಂಡವರ ಸಂಘವೊಂದು ಆ ಊರಿನಲ್ಲಿ ಒಂದು ಕಾಲಕ್ಕೆ ಇತ್ತು. ಈಗ ಉಳಿದವರು ಇಬ್ಬರು. ಒಬ್ಬರು ಪ್ರೆಸ್ಸಿನವರು, ಮನೆಯ ಮುಂದಿನ ಕೋಣೆಯಲ್ಲೇ ಜೀವಮಾನವಿಡೀ ಕರಪತ್ರ, ಬಿಲ್ ಪುಸ್ತಕ ಅಚ್ಚುಹಾಕಿದವರು. ಇನ್ನೊಬ್ಬರು ಸರ್ವೇಯರ್, ಜನರ ಜಮೀನಿನ ಗಡಿ ಅಳೆದು ಅಳೆದು, ನಿವೃತ್ತರಾದ ಮೇಲೂ ಮಾತಿನಲ್ಲಿ ಒಂದಂಗುಲ ಬಿಟ್ಟುಕೊಡದವರು. ಮಿಕ್ಕ ಸದಸ್ಯರಲ್ಲಿ ಕೆಲವರು ಊರು ಬಿಟ್ಟಿದ್ದರು. ಕೆಲವರು ಹೊಸ ಕಂಪ್ಯೂಟರು ಕೊಂಡು, ಕಂಪನಿಯವರು ಅದರಲ್ಲಿ ಏನು ತುಂಬಿ ಕೊಟ್ಟರೋ ಅದನ್ನೇ ಬಳಸತೊಡಗಿದ್ದರು. ಈ ಎರಡನೆಯ ಗುಂಪಿನವರ ಮಾತು ಬಂದಾಗ ಗೆಳೆಯರಿಬ್ಬರೂ ದನಿ ತಗ್ಗಿಸಿ, ‘ಪಾಪ, ಒಳ್ಳೆಯವನಿದ್ದ’ ಎನ್ನುತ್ತಿದ್ದರು.

ಇಬ್ಬರಿಗೂ ಸೇರಿಸಿ ಒಂದೇ ಭಾಷಣ ಎಂದು ತೀರ್ಮಾನವಾಗಿತ್ತು. ಸರ್ವೇಯರ್ ಬರೆದು ಕಳಿಸಿದ್ದರು. ಈಗ ಅದರ ಒಂದೊಂದು ವಾಕ್ಯಕ್ಕೂ ಗಡಿ ತಕರಾರು ಎದ್ದಿತ್ತು. ವಾರಗಟ್ಟಲೆ ಹೆಣಗಿ ಲಿನಕ್ಸ್ ಕಂಪ್ಯೂಟರಿನಿಂದ ಮೊದಲ ಸಲ ಸದ್ದು ಹೊರಡಿಸಿದ ದಿನವನ್ನೂ ಸೇರಿಸಬೇಕೆಂದು ಪ್ರೆಸ್ಸಿನವರ ಹಟ. ಆ ಕಾಲದಲ್ಲಿ ಲಿನಕ್ಸ್ ಬರುತ್ತಿದ್ದುದು ಒಂದು ಡಬ್ಬಿಯ ತುಂಬಾ ಫ್ಲಾಪಿಗಳಲ್ಲಿ. ಅವುಗಳಲ್ಲಿ ನಡುವಿನದೊಂದು ಕೆಟ್ಟುಹೋಗಿ ಇಬ್ಬರೂ ಸೈಕಲ್ ತುಳಿದುಕೊಂಡು ಊರಾಚೆಯ ಕಾಲೇಜಿಗೆ ವಾಪಸು ಹೋಗಿದ್ದರು. ಅದು ಕೆಟ್ಟಿದ್ದು ಪ್ರೆಸ್ಸಿನವರು ಅದರ ಮೇಲೆ ಟೀ ಲೋಟ ಇಟ್ಟಿದ್ದರಿಂದ ಎಂದು ಸರ್ವೇಯರ್ ಬರೆದಿದ್ದರು. ಸರ್ವೆಯ ದಿಕ್ಸೂಚಿ ಇದ್ದ ಚೀಲದಲ್ಲೇ ಫ್ಲಾಪಿ ಹಾಕಿಕೊಂಡು ಬಂದರೆ ಆಯಸ್ಕಾಂತ ಅದನ್ನು ಮುದ್ದು ಮಾಡುತ್ತದೆಯೇ ಎಂದು ಪ್ರೆಸ್ಸಿನವರು ಕೇಳಿದರು. ಆ ವಾಕ್ಯ ಹೋಯಿತು.

ಸರ್ವೇಯರ್: ಹಲ್ಲಿನ ಡಾಕ್ಟರ ಕರಪತ್ರದ ವಿಷಯಾನೂ ಹಾಕಿದ್ದೀನಿ.

ಪ್ರೆಸ್ಸಿನವರು: ಅದನ್ನ ತೆಗಿ.

ಸರ್ವೇಯರ್: ಯಾಕೆ ತೆಗೀಬೇಕು? ಇತಿಹಾಸ ಅದು.

ಇತಿಹಾಸವೇನೋ ಹೌದು. ಆಗಿನ್ನೂ ಆ ವ್ಯವಸ್ಥೆಗೆ ನಮ್ಮ ಅಕ್ಷರಗಳ ಪಾಠ ಆಗಿರಲಿಲ್ಲ. ಕೆಳಗೆ ಕೂರಬೇಕಾದ ಒತ್ತಕ್ಷರ ಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು. ಪದಗಳು ತಮಗೆ ತೋಚಿದ ಕಡೆ ತುಂಡಾಗುತ್ತಿದ್ದವು. ಹೊಸದಾಗಿ ತೆರೆದ ಹಲ್ಲಿನ ಆಸ್ಪತ್ರೆಯ ಕರಪತ್ರದಲ್ಲಿ, ದೊಡ್ಡಕ್ಷರದ ತಲೆಬರಹದಲ್ಲಿ, ಮೇಲಿನ ಸಾಲಿಗೆ ‘ಹಲ್ಲಿ’ ಉಳಿದು, ಕೆಳಗಿನ ಸಾಲಿಗೆ ‘ನ ಆಸ್ಪತ್ರೆ’ ಇಳಿದಿತ್ತು. ಕರಪತ್ರ ಊರೆಲ್ಲ ಹಂಚಿಯೂ ಆಗಿತ್ತು. ಗೋಡೆಯ ಮೇಲಿನ ರೋಗಿಗಳನ್ನು ಹಿಡಿದು ತರಬೇಕೋ ಅಥವಾ ಡಾಕ್ಟರೇ ಮನೆಗೆ ಬರುತ್ತಾರೋ ಎಂದು ಜನ ಫೋನ್ ಮಾಡಿ ಕೇಳಿದ್ದರಂತೆ. ಅದು ನೀನು ಕಳಿಸಿದ ಫಾಂಟಿನ ಕರಾಮತ್ತು ಎಂದು ಪ್ರೆಸ್ಸಿನವರು, ಅದು ನೀನು ನೋಡಿದ ಪ್ರೂಫಿನ ಕರಾಮತ್ತು ಎಂದು ಸರ್ವೇಯರ್.

ಪ್ರೆಸ್ಸಿನವರು: ಆ ಡಾಕ್ಟರು ಇವತ್ತಿಗೂ ನನ್ನ ಕಂಡ್ರೆ ಹಲ್ಲು ಬಿಡಲ್ಲ. ತೆಗಿ ಅದನ್ನ.

ಸರ್ವೇಯರ್: ಆಯ್ತಪ್ಪ, ತೆಗೆದೆ. ಹೀಗೇ ತೆಗೀತಾ ಹೋದ್ರೆ ‘ವಂದನೆಗಳು’ ಒಂದೇ ಉಳಿಯೋದು. ಈಗ ಒಂದ್ಸಲ ಗಟ್ಟಿಯಾಗಿ ಓದಿಬಿಡು. ವೇದಿಕೆ ಮೇಲೆ ಓದೋನು ನೀನೇ ತಾನೆ, ನಿನ್ನ ಗಂಟಲು ಚೆನ್ನಾಗಿದೆ.

ಈ ಗಳಿಗೆ ಬರಬಾರದು ಎಂದೇ ಪ್ರೆಸ್ಸಿನವರು ಬೆಳಗಿನಿಂದ ಕುರ್ಚಿ, ಫ್ಲಾಪಿ ಎಂದು ಜಗಳ ಬೆಳೆಸುತ್ತ ಬಂದಿದ್ದರು. ಕೆಲವು ತಿಂಗಳಿಂದ ಅವರ ಕಣ್ಣಿನ ನಟ್ಟನಡುವೆ ಮಂಜು ಕವಿದಿತ್ತು. ಸುತ್ತಲಿನದು ಕಾಣುತ್ತಿತ್ತು, ದಿಟ್ಟಿಸಿದ್ದು ಕಾಣುತ್ತಿರಲಿಲ್ಲ. ಕಂಡವರ ತಪ್ಪಕ್ಷರವನ್ನು ಮಾರು ದೂರದಿಂದ ಹಿಡಿಯುತ್ತಿದ್ದ ಮನುಷ್ಯನಿಗೆ ಈಗ ಹಾಳೆಯ ಅಂಚು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಹೆಂಡತಿ ಮತ್ತು ಮಗಳ ಹೊರತು ಇದು ಯಾರ ಕಿವಿಗೂ ಬೀಳದಂತೆ ಪ್ರೆಸ್ಸಿನವರು ನೋಡಿಕೊಂಡಿದ್ದರು.

ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಮಗಳು ಒಂದು ಲ್ಯಾಪ್‌ಟಾಪ್ ತಂದುಕೊಟ್ಟಿದ್ದಳು. ಲಿನಕ್ಸ್ ಅಲ್ಲ, ಕಂಪನಿಯದು, ಬೀಗ ಜಡಿದದ್ದು, ಯಾವುದರ ವಿರುದ್ಧ ಅಪ್ಪ ಅರ್ಧ ಆಯುಷ್ಯ ಕರಪತ್ರ ಅಚ್ಚುಹಾಕಿದ್ದರೋ ಅದೇ. ಅದರಲ್ಲಿ ಒಂದು ಹೆಣ್ಣುದನಿ ಇತ್ತು. ಪತ್ರಿಕೆ, ಪುಸ್ತಕ, ಏನು ಕೊಟ್ಟರೂ ತಡವರಿಸದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡು ಓದುತ್ತಿತ್ತು. ಪ್ರೆಸ್ಸಿನವರು ಮೊದಲು ಮುಟ್ಟುವುದಿಲ್ಲ ಎಂದರು. ಆಮೇಲೆ ಬರೀ ಪತ್ರಿಕೆಗೆ ಮಾತ್ರ ಎಂದರು. ಈಗ ಔಷಧದ ಚೀಟಿಯನ್ನೂ ಅದರ ಕೈಯಲ್ಲೇ ಓದಿಸುತ್ತಿದ್ದರು. ಮುಚ್ಚಳದ ಮೇಲಿನ ಕಂಪನಿಯ ಗುರುತು ಕಾಣದಂತೆ, ಸಂಘದ ಕಾಲದಲ್ಲಿ ಉಳಿದಿದ್ದ ಲಿನಕ್ಸಿನ ಗುರುತಾದ ಪೆಂಗ್ವಿನ್ ಚೀಟಿಯನ್ನು ಒತ್ತಿ ಅಂಟಿಸಿದ್ದರು.

ಆ ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು.

ಸರ್ವೇಯರ್: ಇದರಲ್ಲೇ ಓದು. ಹೊಸದಾ? ಪೆಂಗ್ವಿನ್ ಚೆನ್ನಾಗಿ ಕೂತಿದೆ.

ಪ್ರೆಸ್ಸಿನವರು: ಚಾರ್ಜಿಲ್ಲ.

ಸರ್ವೇಯರ್: ವೈರು ಇಲ್ಲೇ ಇದೆಯಲ್ಲ, ಚುಚ್ಚಿದ್ರಾಯ್ತು.

ಪ್ರೆಸ್ಸಿನವರು: ಚುಚ್ಚಿದ್ರೂ ಪರದೆ ಬರಲ್ಲ.

ಸರ್ವೇಯರ್: ಬರಲ್ವಾ? ಹಾಗಾದ್ರೆ ನಮ್ಮ ಲಿನಕ್ಸಿನದೇ ಹಳೇ ಕಾಯಿಲೆ. ಕೊಡು ಇಲ್ಲಿ, ಒಂದು ಕೈ ನೋಡ್ತೀನಿ.

ಪ್ರೆಸ್ಸಿನವರು: ಕೀಲು ಸಡಿಲ ಆಗಿದೆ ಮಾರಾಯ. ತೆಗೆದ್ರೆ ಮುಚ್ಚೋಕಾಗಲ್ಲ.

ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಿಂದ ಸರ್ವೇಯರ್ ಸ್ಕ್ರೂಡ್ರೈವರ್ ತೆಗೆದರು. ಪ್ರೆಸ್ಸಿನವರು ಲ್ಯಾಪ್‌ಟಾಪಿನ ಮೇಲೆ ಎರಡೂ ಅಂಗೈ ಊರಿ ಕೂತರು. ಅಷ್ಟರಲ್ಲಿ ಮನೆಯಾಕೆ ಟೀ ತಂದರು. ಆಕೆ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಯಾರ ಸ್ಥಿತಿ ಹೇಗಿದೆ ಎಂದು ಎಲ್ಲರೆದುರೂ ಜೋರಾಗಿ ಹೇಳುವುದು ಅವರಿಗೆ ಕೆಲಸದ ಜೊತೆಗೆ ಬಂದ ಅಭ್ಯಾಸ.

ಮನೆಯಾಕೆ: ಏನಾಗಿದೆಯಂತೆ? ಬೆಳಿಗ್ಗೆ ಅವಳು ಚೆನ್ನಾಗೇ ಇದ್ದಳಲ್ಲ.

ಸರ್ವೇಯರ್: ಯಾರು ಅತ್ತಿಗೆ?

ಮನೆಯಾಕೆ: ಇನ್ಯಾರು, ಇವರವಳು. ಎದ್ದ ಕೂಡ್ಲೇ ಬಾಗಿಲು ಹಾಕ್ಕೊಂಡು ಅವಳ ಜೊತೆ ಕೂತುಬಿಡ್ತಾರೆ. ತಿಂಡಿಗೆ ಕರೆದ್ರೂ ಏಳಲ್ಲ. ನನಗೂ ರೂಢಿ ಆಗೋಯ್ತು. ಒಂದು ಲೆಕ್ಕಕ್ಕೆ ಒಳ್ಳೇದೇ, ನನ್ನ ತಲೆ ತಿನ್ನೋದು ತಪ್ಪಿದೆ.

ಒಲೆಯ ಮೇಲೆ ಹಾಲಿದೆ ಎಂದು ಆಕೆ ಒಳಗೆ ಹೋದರು. ಹೆಂಡತಿ ಎಲ್ಲ ಹೇಳಿಬಿಟ್ಟಳು, ಇನ್ನು ಮುಚ್ಚಿಡುವುದೇನು ಬಂತು ಎಂದು ಪ್ರೆಸ್ಸಿನವರು ತಲೆ ತಗ್ಗಿಸಿದರು. ಸರ್ವೇಯರ್ ಸದ್ದಾಗದಂತೆ ಎದ್ದು ಹೋಗಿ ಬಾಗಿಲು ಮುಂದಕ್ಕೆಳೆದು ಬಂದರು. ಅವರ ತಲೆಗೆ ಹೊಕ್ಕಿದ್ದೇ ಬೇರೆ.

ಸರ್ವೇಯರ್: ಎಷ್ಟು ದಿನದಿಂದ?

ಪ್ರೆಸ್ಸಿನವರು: ಕೆಲವು ತಿಂಗಳಾಯ್ತು. ನಿನಗೆ ಹೇಳ್ಬೇಕು ಅಂತ ಬಾಯಿ ತನಕ ಬರ್ತಿತ್ತು.

ಸರ್ವೇಯರ್: ಎಲ್ಲಿ ಗಂಟುಬಿದ್ದದ್ದು?

ಪ್ರೆಸ್ಸಿನವರು: ನಮ್ಮ ಮಗಳದೇ ಕೆಲಸ.

ಸರ್ವೇಯರ್ ಕುರ್ಚಿಯ ಕೈ ಹಿಡಿದುಕೊಂಡರು.

ಸರ್ವೇಯರ್: ಮಗಳದಾ?

ಪ್ರೆಸ್ಸಿನವರು: ಅಪ್ಪ ಒಬ್ಬನೇ ಕೂತು ಕೊರಗ್ತಾನೆ ಅಂತ ಅದಕ್ಕೆ ಸಂಕಟ. ನಾನು ಬೇಡ ಅಂದೆ ಕಣಯ್ಯ. ಮೊದಮೊದಲು ಆ ಕಡೆ ತಿರುಗೀನೂ ನೋಡ್ಲಿಲ್ಲ. ಆಮೇಲೆ ಒಂದಿನ ಆ ದನಿ ಕಿವಿಗೆ ಬಿತ್ತು. ಸೋತುಹೋದೆ.

ಸರ್ವೇಯರ್: ಅತ್ತಿಗೆಗೆ ಏನೂ ಅನ್ನಿಸಲ್ವಾ?

ಪ್ರೆಸ್ಸಿನವರು: ಏನನ್ನಿಸುತ್ತೆ? ದಿನಾ ಒಳ್ಳೇ ಬಟ್ಟೆ ತಗೊಂಡು ತಾನೇ ಒರೆಸಿ ಕೂರಿಸ್ತಾಳೆ.

ಅಳತೆಯ ಮನುಷ್ಯರಾದ ಸರ್ವೇಯರಿಗೆ ಇದು ಯಾವ ಅಳತೆಗೂ ಸಿಗಲಿಲ್ಲ. ಅವರ ಕಾಲು ಮುರಿದಿದ್ದಾಗ ದಿನವೂ ಮನೆಗೇ ಬಂದು ಪಟ್ಟಿ ಬದಲಾಯಿಸಿದ್ದವರು ಈ ಅತ್ತಿಗೆ.

ಸರ್ವೇಯರ್: ಹಾಗಾದ್ರೆ ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ಏನೂ ಬೆಲೆ ಇಲ್ಲ ಅನ್ನು.

ಪ್ರೆಸ್ಸಿನವರು: ಹಳೇದನ್ನ ನಾನು ಬಿಟ್ಟಿಲ್ಲಪ್ಪ. ಒಳಗೆ ಮೂಲೇಲಿದೆ. ಆದ್ರೆ ನಿಜ ಹೇಳ್ತೀನಿ, ಬಹಳ ನಿಧಾನ ಆಗ್ಬಿಟ್ಟಿದೆ. ಎದ್ದೇಳೋಕೇ ಹೊತ್ತು ಹಿಡಿಯುತ್ತೆ. ಎದ್ದ ಮೇಲೂ ಗುರ್ ಅಂತಾನೇ ಇರುತ್ತೆ.

ಸರ್ವೇಯರ್: ವಯಸ್ಸಾದ್ಮೇಲೆ ಎಲ್ಲಾರೂ ಹಾಗೇ ಕಣಯ್ಯ. ಅದಕ್ಕೆ ಮೂಲೆಗೆ ತಳ್ಳೋದಾ?

ಪ್ರೆಸ್ಸಿನವರು: ತಳ್ಳೋದಲ್ಲ. ಲೈಬ್ರರಿಗೆ ಕೊಟ್ಟುಬಿಡೋಣ ಅಂತಿದ್ದೀನಿ. ಅಲ್ಲಿ ನಾಲ್ಕು ಜನಕ್ಕೆ ಉಪಯೋಗಕ್ಕಾದ್ರೂ ಬರುತ್ತೆ.

ಸರ್ವೇಯರ್ ಎದ್ದರು. ಬಾಗಿಲು ಪೂರ್ತಿ ತೆರೆದು ಒಳಮನೆಗೆ ಮುಖ ಮಾಡಿ ನಿಂತರು.

ಸರ್ವೇಯರ್: ಅತ್ತಿಗೆ, ಬಟ್ಟೆಬರೆ ತುಂಬ್ಕೊಳ್ಳಿ. ನಮ್ಮನೆಗೆ ನಡೀರಿ. ನಮ್ಮವಳಿದ್ದಾಳೆ, ಅಕ್ಕತಂಗಿ ಹಾಗೆ ಇದ್ಕೊಂಡು ಹೋಗಿ.

ಮನೆಯಾಕೆ: ಯಾಕೆ, ಏನಾಯ್ತು?

ಸರ್ವೇಯರ್: ನನ್ನ ಬಾಯಲ್ಲಿ ಹೇಳೋಕೂ ಆಗಲ್ಲ. ಇವನು ನಿಮ್ಮನ್ನ ಲೈಬ್ರರಿಗೆ ಕೊಟ್ಟುಬಿಡ್ತಾನಂತೆ.

ಆಕೆ ಸೌಟು ಹಿಡಿದುಕೊಂಡೇ ಬಂದು ಒಂದು ಕ್ಷಣ ಇಬ್ಬರನ್ನೂ ನೋಡಿದರು.

ಮನೆಯಾಕೆ: ಕೊಡ್ಲಿ ಬಿಡಿ. ಅಲ್ಲಿ ಯಾರೂ ಮಾತಾಡ್ಬಾರ್ದಂತೆ.

ಆಮೇಲೆ ಗಂಡನ ಅಂಗೈಗಳನ್ನು ಸರಿಸಿ ಲ್ಯಾಪ್‌ಟಾಪ್ ತೆರೆದರು. ಯಾವುದೋ ಗುಂಡಿ ಒತ್ತಿದರು. ಬೆಳಿಗ್ಗೆ ನಿಲ್ಲಿಸಿದ್ದ ಕಡೆಯಿಂದ ಆ ಹೆಣ್ಣುದನಿ ಜೇನು ಸುರಿದ ಹಾಗೆ ಓದತೊಡಗಿತು: ‘ಸುಖದ ಆಸೆಗೆ ಸ್ವಾತಂತ್ರ್ಯವನ್ನು ಮಾರಿಕೊಂಡವರ ನಡುವೆ, ನಾವಿಬ್ಬರು ಮಾತ್ರ ಕೊನೆಯವರೆಗೂ ಕದಲಲಿಲ್ಲ.’

ಅದು ಸರ್ವೇಯರ್ ಬರೆದ ಭಾಷಣದ್ದೇ ಸಾಲು.

ಅವಳು ಯಾರು ಎಂಬುದು ಸರ್ವೇಯರಿಗೆ ಈಗ ಹೊಳೆಯಿತು. ನಿಟ್ಟುಸಿರು ಬಿಟ್ಟರು. ಅದು ಪೂರ್ತಿ ಹೊರಬರುವ ಮೊದಲೇ ಪರದೆಯ ಮೇಲಿನ ಕಂಪನಿಯ ಗುರುತು ಕಣ್ಣಿಗೆ ಬಿತ್ತು. ಪೆಂಗ್ವಿನ್ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಅಡಿಯಲ್ಲೇನಿದೆ ಎಂದೂ ನೋಡಿದರು.

ಸರ್ವೇಯರ್: ನಿಜವಾದ ಹೆಂಗಸೇ ಆಗಿದ್ರೂ ಎಷ್ಟೋ ವಾಸಿಯಿತ್ತು. ಕ್ಷಮಿಸಿಬಿಡ್ತಿದ್ದೆ.

ಸರ್ವೇಯರ್ ಮನೆಯಾಕೆಯ ಕಡೆ ತಿರುಗಿ ದನಿ ತಗ್ಗಿಸಿದರು.

ಸರ್ವೇಯರ್: ಪಾಪ, ಒಳ್ಳೆಯವನಿದ್ದ.

ಮನೆಯಾಕೆ: ಇನ್ನೂ ಇದ್ದಾರೆ. ಕಣ್ಣು ಹೋಗಿದೆ ಅಷ್ಟೆ.

ಬೇಡ ಎಂದು ಪ್ರೆಸ್ಸಿನವರು ಕೈ ಎತ್ತಿದರು. ಆಕೆ ಕೇಳಲಿಲ್ಲ. ನರ್ಸಿನ ಧಾಟಿಯಲ್ಲೇ, ಯಾವಾಗಿನಿಂದ ಹೀಗೆ, ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಡಾಕ್ಟರು ಏನಂದರು ಎಲ್ಲ ಹೇಳಿ ಮುಗಿಸಿ, ಹಾಲು ಉಕ್ಕೀತೆಂದು ಒಳಗೆ ಹೋದರು. ಸ್ಕ್ರೂಡ್ರೈವರ್ ಇನ್ನೂ ಸರ್ವೇಯರ್ ಕೈಯಲ್ಲಿತ್ತು. ಅದನ್ನು ಜೇಬಿಗೆ ಹಾಕಿಕೊಳ್ಳಲು ಎರಡು ಸಲ ಪ್ರಯತ್ನಪಟ್ಟರು.

ಸರ್ವೇಯರ್: ನನ್ನ ಮುಖ ಕಾಣ್ಸುತ್ತಾ?

ಪ್ರೆಸ್ಸಿನವರು: ಅಂಚು ಕಾಣ್ಸುತ್ತೆ. ಕಿವಿ ಎರಡೂ ಇವೆ. ನಡುವೆ ಏನೂ ಇಲ್ಲ.

ಸರ್ವೇಯರ್: ಹಾಗಾದ್ರೆ ನಿನಗೇನೂ ನಷ್ಟ ಆಗಿಲ್ಲ.

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಸರ್ವೇಯರ್: ನನಗ್ಯಾಕೆ ಹೇಳ್ಲಿಲ್ಲ?

ಪ್ರೆಸ್ಸಿನವರು: ಹೇಳಿದ್ರೆ ನೀನು ಒಳ್ಳೆಯವನಾಗಿಬಿಡ್ತಿದ್ದೆ. ಎಲ್ಲದಕ್ಕೂ ಹೂಂ ಹೂಂ ಅಂತ ತಲೆ ಆಡಿಸ್ತಿದ್ದೆ. ಅಕ್ಷರ ಹೋಯ್ತು ಅಂತ ಹೇಗೋ ಸಹಿಸ್ಕೊಂಡೆ. ಜಗಳಾನೂ ಹೋದ್ರೆ ಮನೇಲಿ ಕೂತು ಏನು ಮಾಡ್ಲಿ?

ಸರ್ವೇಯರ್ ತಣ್ಣಗಾದ ಟೀ ಕುಡಿದು, ಲೋಟ ಇಟ್ಟು, ಬಾಗಿಲ ತನಕ ಹೋದರು. ಅಲ್ಲಿ ನಿಂತು ಹಿಂದಿರುಗಿ ನೋಡಿದರು.

ಸರ್ವೇಯರ್: ಏನೇ ಹೇಳು, ಅದು ಕುರ್ಚೀನೇ.

ಮರುದಿನ ಬೆಳಿಗ್ಗೆ ಒಂದು ಚೀಲ ವೈರು ಹೊತ್ತುಕೊಂಡು ಬಂದವರೇ, ಮಾತಿಲ್ಲ ಕತೆಯಿಲ್ಲ, ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರು. ಲಿನಕ್ಸಿಗೂ ಓದಿ ಹೇಳುವ ದನಿ ಇದೆ, ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ, ಇಳಿಸಿಕೊಳ್ಳಬೇಕು ಅಷ್ಟೇ ಎಂದರು. ಅಷ್ಟೇ ಎಂದದ್ದಕ್ಕೆ ದಿನಗಳೇ ಹಿಡಿದವು. ಮೊದಲು ದನಿ ಬರಲಿಲ್ಲ. ಆಮೇಲೆ ಬಂತು, ಅಕ್ಷರ ಹಿಡಿಯಲಿಲ್ಲ. ಕೊನೆಗೊಂದು ದಿನ, ಡಬ್ಬಿಯೊಳಗೆ ಕೂತು ಗದರಿಸುವ ಪೊಲೀಸಿನವನ ಹಾಗೆ ಒಂದು ಗಂಡುದನಿ ಹೊರಟು, ಭಾಷಣದ ಮೊದಲ ಪದವಾದ ‘ಆತ್ಮೀಯರೇ’ ಎಂಬುದನ್ನು ‘ಆತ್ಮ, ಈಯರೇ’ ಎಂದು ಒಡೆದು ಓದಿತು.

ಪ್ರೆಸ್ಸಿನವರು: ಏನಯ್ಯ ಇದು, ಸಭೆಗೆ ಬಂದೋರ ಆತ್ಮ ಕೇಳ್ತಿದೆಯಲ್ಲ.

ಸರ್ವೇಯರ್: ಪೂರ್ತಿ ಕೇಳು ಮೊದಲು.

ಪ್ರೆಸ್ಸಿನವರು: ಪೂರ್ತಿ ಕೇಳಿದ್ರೆ ಕೊಟ್ಟೇಬಿಡ್ತೀನಿ. ಅವಳು ಹೀಗೆ ಓದಲ್ಲಪ್ಪ.

ಸರ್ವೇಯರ್: ಅವಳು ತಪ್ಪು ಓದಿದ್ರೆ ತಿದ್ದೋಕೆ ನಿನ್ನ ಬಿಡ್ತಾಳಾ?

ಪ್ರೆಸ್ಸಿನವರು: ಅವಳು ತಪ್ಪೇ ಓದಲ್ಲ.

ಸರ್ವೇಯರ್: ಅದೇ ನಿನ್ನ ಗ್ರಹಚಾರ. ಜೀವಮಾನ ಎಲ್ಲ ತಪ್ಪು ಹಿಡಿದೋನು, ಈಗ ತಪ್ಪೇ ಇಲ್ಲದೋಳ ಹತ್ರ ಕೂತಿದ್ದೀಯ. ಇವನು ನೋಡು, ಬಾಯಿ ತೆಗೆದ್ರೆ ತಪ್ಪು. ಒಳಗೆಲ್ಲ ಬಿಚ್ಚಿಟ್ಟಿದೆ. ಏನು ತಪ್ಪು ಅಂತ ಹೇಳು, ನಾನು ಟೈಪ್ ಮಾಡ್ತೀನಿ.

ಪ್ರೆಸ್ಸಿನವರು ಮುಂದಕ್ಕೆ ಬಾಗಿದರು. ಕಣ್ಣು ಮುಚ್ಚಿಕೊಂಡರು. ಆ ಒರಟು ದನಿ ಒಂದೊಂದು ಪದ ಉಗುಳಿದ ಹಾಗೂ, ಇಲ್ಲಿ ದೀರ್ಘ ಸಾಲದು, ಇಲ್ಲಿ ಒತ್ತು ನುಂಗಿತು, ಇಲ್ಲಿ ನಿಲ್ಲಬಾರದು ಎಂದು ಹಿಡಿಯತೊಡಗಿದರು. ಹಿಂದೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಕಿವಿ ವಹಿಸಿಕೊಂಡಿತ್ತು, ಅದೇ ಹಟಮಾರಿತನದಿಂದ. ಹೇಳಿದ್ದನ್ನೆಲ್ಲ ಟೈಪ್ ಮಾಡಲು ಸರ್ವೇಯರ್ ಒಪ್ಪುತ್ತಾರೆಯೇ? ಒಂದೊಂದು ದೀರ್ಘಕ್ಕೂ ಒಂದೊಂದು ಮೊಕದ್ದಮೆ ನಡೆಯಿತು.

ಕಂಪನಿಯವಳನ್ನು ಮನೆಯಿಂದ ಹೊರಗೆ ಹಾಕಿದರೇ ಎಂದು ಕೇಳಿದರೆ, ಅದೂ ಇಲ್ಲ. ಬೆಳಗಿನ ಪತ್ರಿಕೆ ಅವಳೇ ಓದುತ್ತಿದ್ದಳು. ತತ್ವವೆಲ್ಲ ಸರಿ, ಆದರೆ ಸುದ್ದಿ ಅರ್ಥವಾಗಬೇಕಲ್ಲ ಎಂದು ಪ್ರೆಸ್ಸಿನವರು ಹೇಳಿದಾಗ ಸರ್ವೇಯರ್ ಏನೋ ಗೊಣಗಿದರು. ಒಂದು ಸಲ ಪ್ರೆಸ್ಸಿನವರು ಕೈತೊಳೆಯಲು ಎದ್ದು ಹೋಗಿ ಬರುವಾಗ, ಲ್ಯಾಪ್‌ಟಾಪಿನ ಮುಂದೆ ತಲೆ ಓಲಾಡಿಸುತ್ತ ಸರ್ವೇಯರ್ ಕೂತಿದ್ದರು. ಅವಳು ಅವರ ಭಾಷಣವನ್ನು ಓದುತ್ತಿದ್ದಳು. ನಾನು ಇಷ್ಟು ಚೆನ್ನಾಗಿ ಬರೆದಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ ಎಂದು ಸರ್ವೇಯರ್ ಸಂಕೋಚದಿಂದ ಒಪ್ಪಿಕೊಂಡರು. ಯಾರಿಗೂ ಹೇಳಬೇಡ ಎಂದೂ ಸೇರಿಸಿದರು.

ಭಾನುವಾರ ಮಧ್ಯಾಹ್ನ ಫೋನ್ ಬಂತು. ಮನೆಯಾಕೆಯೇ ತೆಗೆದುಕೊಂಡರು. ಲೈಬ್ರರಿಯ ಹೆಣ್ಣುಮಗಳು ಕಂಗಾಲಾಗಿದ್ದಳು. ಕುರ್ಚಿಗಳೆಲ್ಲ ತುಂಬಿವೆ, ಮೈಕು ಹಾಕಿಯಾಗಿದೆ, ಸ್ವಾಗತ ಭಾಷಣವೂ ಮುಗಿಯಿತು, ಹಿರಿಯರಿಬ್ಬರೂ ಎಲ್ಲಿ ಎಂದು ಕೇಳಿದಳು.

ಆಕೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದಿನ ಕೋಣೆಗೆ ಇಣುಕಿದರು. ಹಳೆಯ ಕಂಪ್ಯೂಟರಿನ ಎದುರು ಎರಡು ಬೋಳು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು.

ಪ್ರೆಸ್ಸಿನವರು: ‘ಗೆಳೆಯ’ ಅನ್ನೋವಾಗ ಕಡೇಲಿ ಎಳೀಬಾರ್ದು ಕಣಯ್ಯ. ಇದು ಯಾರನ್ನೋ ಬೀದೀಲಿ ಕೂಗಿದ ಹಾಗಿದೆ.

ಸರ್ವೇಯರ್: ಕೂಗಿದ್ರೆ ಏನು ತಪ್ಪು? ದೂರದಲ್ಲಿದ್ರೆ ಕೂಗ್ಲೇಬೇಕಲ್ಲ.

ಪ್ರೆಸ್ಸಿನವರು: ಪಕ್ಕದಲ್ಲಿದ್ರೆ?

ಸರ್ವೇಯರ್: ಪಕ್ಕದಲ್ಲಿದ್ರೆ ಗೆಳೆಯ ಅಂತ ಯಾರಯ್ಯ ಕರೀತಾರೆ, ನಾಚಿಕೆಗೇಡು.

ಸಭೆಗೆ ಹೊತ್ತಾಯಿತು ಎಂದು ಮನೆಯಾಕೆ ಎರಡು ಸಲ ಹೇಳಿದರು. ಬಂದೆವು, ಇದೊಂದು ಪದ ಆಗಲಿ ಎಂದು ಇಬ್ಬರೂ ತಿರುಗದೆಯೇ ಕೈಯಾಡಿಸಿದರು. ಆ ಕೈಯಾಟವನ್ನು ಮದುವೆಯಾದಾಗಿನಿಂದ ಕಂಡಿದ್ದ ಆಕೆ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು.

ಮನೆಯಾಕೆ: ಇಲ್ಲಮ್ಮ, ಅವರು ಬರೋ ಹಾಗೆ ಕಾಣ್ಸಲ್ಲ. ಹಳೇ ಕಾಲ ನೆನಪು ಮಾಡ್ಕೊಂಡು ಹೇಳ್ಬೇಕು ಅಂದ್ರೆ, ಮೊದಲು ಅವರು ಅಲ್ಲಿಂದ ಈಚೆ ಬರ್ಬೇಕಲ್ಲ.